ಕ್ರಿಟಿಕಲ್ ರೀಸನಿಂಗ್ (ಪರೀಕ್ಷೆಯಲ್ಲಿ ಒಂದು ವಾದ ಕೊಟ್ಟು ಅದನ್ನು ಪರಿಶೀಲಿಸಲು ಹೇಳುವ) ಪ್ರಶ್ನೆಯಲ್ಲಿ ವಾದದ ದೋಷ ಹಿಡಿಯುವುದು ಹೇಗೆ? ಎಲ್ಲ ಆಯ್ಕೆಗಳೂ ಸರಿ ಅನ್ನಿಸುತ್ತವೆ!

ಆಯ್ಕೆಗಳನ್ನು ಓದುವ ಮೊದಲೇ ದೋಷವನ್ನು ನಿಮ್ಮ ಮಾತಿನಲ್ಲಿ ಹೇಳಿಕೊಳ್ಳಿ. ತೀರ್ಮಾನ ಯಾವುದು, ಅದಕ್ಕೆ ಕೊಟ್ಟ ಆಧಾರ ಯಾವುದು ಎಂದು ಬೇರ್ಪಡಿಸಿ. ಎರಡರ ನಡುವೆ ಬಾಯಿಬಿಟ್ಟು ಹೇಳದ ಒಂದು ಊಹೆ ಇರುತ್ತದೆ. ದೋಷ ಇರುವುದು ಅಲ್ಲೇ. ಆಧಾರವನ್ನು ಮಾತ್ರ ನಿಜವೆಂದೇ ಒಪ್ಪಿಕೊಳ್ಳಿ, ಅದರೊಂದಿಗೆ ಜಗಳಕ್ಕೆ ಹೋಗಬೇಡಿ.

ಉದಾಹರಣೆಗೆ: ‘ಕೊಡಗಿನ ಸಿದ್ದಾಪುರದ ಒಂದು ರೊಬಸ್ಟಾ ಕಾಫಿ ತೋಟಕ್ಕೆ ಹೊಸ ಗೊಬ್ಬರ ಹಾಕಿದರು. ಎಕರೆಗೆ 15 ಚೀಲ ಬರುತ್ತಿದ್ದ ಕಾಫಿ 20 ಚೀಲವಾಯಿತು. ಆದ್ದರಿಂದ ಇಳುವರಿ ಹೆಚ್ಚಿಸಿದ್ದು ಆ ಗೊಬ್ಬರವೇ.’

‘ಆದ್ದರಿಂದ’ ಎಂಬಲ್ಲಿಂದ ತೀರ್ಮಾನ ಶುರು. ಇಲ್ಲಿನ ಊಹೆ, ಬೇರೇನೂ ಬದಲಾಗಿಲ್ಲ ಎಂಬುದು. ಆದರೆ ಫೆಬ್ರವರಿ–ಮಾರ್ಚಿನ ಹೂಮಳೆ (ಕಾಫಿ ಹೂಬಿಟ್ಟು ಫಸಲು ಕಟ್ಟಲು ಬೇಕಾದ ಮಳೆ) ಹಿಂದಿನ ವರ್ಷ ಕೈಕೊಟ್ಟು, ಈ ಸಲ ಹದವಾಗಿ ಬಿದ್ದಿದ್ದರೆ? ಕೊಡಗಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಳೆ ನಿಜವಾಗಿ ಬಿತ್ತೋ ಇಲ್ಲವೋ ಮುಖ್ಯವಲ್ಲ, ಆ ಸಾಧ್ಯತೆಯನ್ನು ವಾದ ತಳ್ಳಿಹಾಕಿಲ್ಲ ಅನ್ನುವುದೇ ದೋಷ. ಸರಿಯುತ್ತರ: ‘ಇಳುವರಿ ಹೆಚ್ಚಲು ಬೇರೆ ಕಾರಣವಿರಬಹುದೆಂದು ಪರಿಗಣಿಸಿಲ್ಲ.’

ಎಡವುವುದು ಎರಡು ಕಡೆ. ‘ಗೊಬ್ಬರದ ಖರ್ಚು ಲೆಕ್ಕ ಹಾಕಿಲ್ಲ’ ಎಂಬ ಆಯ್ಕೆ ನಿಜವೇ, ಆದರೆ ತೀರ್ಮಾನ ಇಳುವರಿಯ ಬಗ್ಗೆ, ಲಾಭದ ಬಗ್ಗೆ ಅಲ್ಲ. ‘ಒಂದು ತೋಟ ನೋಡಿ ಎಲ್ಲ ತೋಟಗಳಿಗೂ ಅನ್ವಯಿಸಿದೆ’ ಎಂಬುದು ಇನ್ನೂ ಅಪಾಯಕಾರಿ. ಅದು ಹೆಸರಾಂತ ದೋಷವಾದ್ದರಿಂದ ಕೈ ತಾನಾಗಿ ಅತ್ತ ಹೋಗುತ್ತದೆ. ಈ ವಾದ ಉಳಿದ ತೋಟಗಳ ಮಾತನ್ನೇ ಎತ್ತಿಲ್ಲ. ಹಾಗಾಗಿ ಪ್ರತಿ ಆಯ್ಕೆಗೂ ಮೊದಲು ಕೇಳಬೇಕಾದ್ದು: ವಾದ ಈ ತಪ್ಪನ್ನು ನಿಜವಾಗಿ ಮಾಡಿದೆಯೇ? ಹೌದಾದರೆ, ಅದರಿಂದ ಈ ತೀರ್ಮಾನಕ್ಕೆ ಪೆಟ್ಟು ಬೀಳುತ್ತದೆಯೇ?