ಈಜುಕೊಳದ ಟ್ರೇನಿಂಗ್ ಕೃಷಿ ಹೊಂಡಕ್ಕೆ ಸಾಕೇ?

ನೀವು ಕೇಳಿರೋದು ಇಷ್ಟು: ಲೈಫ್‌ಗಾರ್ಡ್ ಕೋರ್ಸ್ ಮುಗಿಸಿದ್ದೀರಿ, ಊರು ಚಿಕ್ಕಬಳ್ಳಾಪುರದ ಕಡೆ. ತೋಟದ ಕೃಷಿ ಹೊಂಡಕ್ಕೆ ಯಾರಾದರೂ ಬಿದ್ದರೆ ಕೊಳದಲ್ಲಿ ಕಲಿತ ಹಾಗೆ ಹಾರಿ ಎಳೆದು ತರಬಹುದಾ ಅಂತ.

ಹಾರಬೇಡಿ. ಕೊಳದಲ್ಲಿ ಏಣಿ ಇರುತ್ತೆ, ಹಿಡಿಯೋಕೆ ಅಂಚಿರುತ್ತೆ. ಹೊಂಡದಲ್ಲಿ ಎರಡೂ ಇಲ್ಲ. 21 ಮೀಟರ್ ಉದ್ದಗಲ, 3 ಮೀಟರ್ ಆಳ ಅಂದರೆ ಈಜು ಬರುವವರಿಗೆ ದೊಡ್ಡ ನೀರೇನಲ್ಲ. ಆದರೆ ಇಳಿಜಾರಿಗೆ ಹಾಸಿರುವ ಪ್ಲಾಸ್ಟಿಕ್ ಶೀಟಿಗೆ ಪಾಚಿ ಕಟ್ಟಿದ ಮೇಲೆ ಕಾಲು ನಿಲ್ಲಲ್ಲ. ಹತ್ತಿ ಜಾರಿ, ಹತ್ತಿ ಜಾರಿಯೇ ಕೈಸೋಲುತ್ತಾರೆ. ಮಗನನ್ನು ಎತ್ತಲು ಅಪ್ಪ, ಅಪ್ಪನನ್ನು ಎತ್ತಲು ಚಿಕ್ಕಪ್ಪ ಅಂತ ಒಬ್ಬರ ಹಿಂದೊಬ್ಬರು ಹೋಗುವುದು ಇದಕ್ಕೇ.

ದಡದಲ್ಲಿ ಬೇಕಾದ್ದು 15 ಮೀಟರ್ ನೈಲಾನ್ ಹಗ್ಗ, ತುದಿಗೆ 5 ಲೀಟರಿನ ಖಾಲಿ ಎಣ್ಣೆ ಕ್ಯಾನು. ಕ್ಯಾನಿನೊಳಗೆ ಒಂದು ಲೋಟ ನೀರು ಬಿಟ್ಟು ಮುಚ್ಚಳ ಬಿಗಿ ಮಾಡಿ. ಪೂರ್ತಿ ಖಾಲಿಯಾದರೆ ಗಾಳಿಗೆ ಅಡ್ಡ ಹಾರುತ್ತೆ. ಹಗ್ಗದ ಇನ್ನೊಂದು ತುದಿಯನ್ನು ಕಲ್ಲುಕಂಬಕ್ಕೆ ಕಟ್ಟಿ, ಇಲ್ಲದಿದ್ದರೆ ಎಳೆಯುವವರೇ ಒಳಗೆ. ಕ್ಯಾನನ್ನು ಅವರ ತಲೆಗೆ ಗುರಿಯಿಡಬೇಡಿ, ಭುಜ ದಾಟಿಸಿ ಎಸೆದು ಹಗ್ಗವನ್ನು ಕೈಗೆ ಬರುವ ಹಾಗೆ ಎಳೆದುಕೊಳ್ಳಿ. ಹಗ್ಗ ಸಿಗದಿದ್ದರೆ ಎರಡು ಸೀರೆ ಗಂಟು ಹಾಕಿ, ಅಥವಾ ಡ್ರಿಪ್ ಪೈಪು.

ಪ್ರಜ್ಞೆ ತಪ್ಪಿದವರು ಹಗ್ಗ ಹಿಡಿಯಲ್ಲ. ಆಗ ಇಳಿಯಲೇಬೇಕು, ಆದರೆ ನಿಮ್ಮ ಎದೆಗೆ ಹಗ್ಗ ಕಟ್ಟಿ ಮೇಲೆ ಇಬ್ಬರು ಹಿಡಿದಿರಬೇಕು. ಒಬ್ಬರೇ ಇದ್ದರೆ ಮೊದಲು ಕೂಗಿ ಜನ ಸೇರಿಸಿ.

ಮೇಲೆ ತಂದ ಮೇಲೆ ನಮ್ಮ ಕಡೆ ಹೊಟ್ಟೆ ಅಮುಕೋದು, ಕಾಲು ಹಿಡಿದು ತಿರುಗಿಸೋದು ಇನ್ನೂ ಬಿಟ್ಟಿಲ್ಲ. ಇದರಿಂದ ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸನಾಳಕ್ಕೆ ಇಳಿಯುತ್ತೆ, ಹೊತ್ತೂ ಹೋಗುತ್ತೆ. ಸುತ್ತ ಗುಂಪಿದ್ದರೆ ಗಟ್ಟಿಯಾಗಿ ಬೈದು ನಿಲ್ಲಿಸಿ. ಒಬ್ಬರಿಗೆ 108 ಮಾಡಲು ಹೇಳಿ. ಉಸಿರಿಲ್ಲದಿದ್ದರೆ ತಲೆ ಹಿಂದಕ್ಕೆ ಬಾಗಿಸಿ, ಮೂಗು ಮುಚ್ಚಿ, ಮೊದಲು 5 ಸಲ ಬಾಯಿಂದ ಉಸಿರು ಕೊಡಿ. (ನಿಮ್ಮ ಕೋರ್ಸಿನಲ್ಲಿ 2 ಅಂತ ಕಲಿಸಿದ್ದರೆ ಹಾಗೇ ಮಾಡಿ.) ಎದೆ ಒತ್ತೋದು ಆಮೇಲೆ, ಯಾಕೆಂದರೆ ಮುಳುಗಿದವರಲ್ಲಿ ಮೊದಲು ಮುಗಿಯೋದು ಆಮ್ಲಜನಕ. ನಂತರ 30 ಒತ್ತು, 2 ಉಸಿರು; ದೊಡ್ಡವರಿಗೆ 5ರಿಂದ 6 ಸೆಂ.ಮೀ. ಆಳ, ನಿಮಿಷಕ್ಕೆ 100ರಿಂದ 120. ವಾಂತಿ ಬಂದರೆ ಪಕ್ಕಕ್ಕೆ ಹೊರಳಿಸಿ ಬಾಯಿ ಒರೆಸಿ ಮುಂದುವರಿಸಿ. ಎದ್ದು ಕೂತು ಮಾತಾಡಿದರೂ ಆಸ್ಪತ್ರೆಗೆ ಕಳಿಸಿ, ಉಸಿರಾಟ ಆಮೇಲೂ ಕೆಡಬಹುದು.

ಇನ್ನೊಂದು: ನಾಲ್ಕೂ ಬದಿಗೆ ಒಂದೊಂದು ಹಗ್ಗ, ಅಡಿಗೊಂದು ಗಂಟು ಹಾಕಿ, ತಳದವರೆಗೆ ಇಳಿಬಿಟ್ಟಿರಿ. ಪಂಪ್‌ಹೌಸ್ ಒಳಗೆ ಬೀಗ ಹಾಕಿ ಇಟ್ಟ ಹಗ್ಗ ಹಸು ಕಟ್ಟೋಕೆ ಹೋಗುತ್ತೆ.