ಬಚ್ಚಲುಮನೆಯ ಚಿಲಕ

“ಮೂರ್ಛೆರೋಗಕ್ಕೆಂದು ಮಗನ ಮಿದುಳಿನ ಎಡಭಾಗಕ್ಕೆ ಶಸ್ತ್ರಚಿಕಿತ್ಸೆಯಾಗಿ ಮೂರು ತಿಂಗಳಾಯಿತು. ಒಮ್ಮೆಯೂ ಫಿಟ್ಸ್ ಬಂದಿಲ್ಲ. ಆದರೆ ಮಂಕಾಗಿ ಕೂರುತ್ತಾನೆ, ಸಿಡುಕುತ್ತಾನೆ. ಸೌಟಿನ ಹೆಸರು ಬಾಯಿಗೆ ಬಾರದೆ ‘ಸಾರು ಬಡಿಸುವುದು’ ಎನ್ನುತ್ತಾನೆ. ಒಳಗೆ ಬಿದ್ದರೆಂಬ ಹೆದರಿಕೆಗೆ ಬಚ್ಚಲುಮನೆಯ ಚಿಲಕವನ್ನು ಹನ್ನೊಂದು ವರ್ಷದ ಹಿಂದೆಯೇ ಕಿತ್ತಿದ್ದೆವು. ಅದನ್ನು ಹಾಕಿಸಿ ಎಂದು ಮೊನ್ನೆ ಜಗಳವಾಡಿದ. ನೆಂಟರು ಮಾತ್ರೆ ನಿಲ್ಲಿಸಿ ಎನ್ನುತ್ತಾರೆ. ನಾವು ತಪ್ಪು ಮಾಡಿದೆವೆ?”
– ಓದುಗರೊಬ್ಬರು, ಹಾಸನ ಜಿಲ್ಲೆ

ತಾಯಿ, ಮೊದಲು ಮಾತ್ರೆಯ ವಿಷಯ. ನೆಂಟರಿಗೆ ಕಾಫಿ ಕೊಟ್ಟು ಕಳುಹಿಸಿ, ಅವರ ಸಲಹೆಯನ್ನೂ ಜೊತೆಗೇ ಕಳುಹಿಸಿ. ಶಸ್ತ್ರಚಿಕಿತ್ಸೆ ಫಲಿಸಿದರೂ ಮಾತ್ರೆ ಸಾಮಾನ್ಯವಾಗಿ ಒಂದೆರಡು ವರ್ಷ ಮುಂದುವರಿಯುತ್ತದೆ. ಆಮೇಲೆ ವೈದ್ಯರೇ ನಿಧಾನವಾಗಿ ಇಳಿಸುತ್ತಾರೆ. ಥಟ್ಟನೆ ನಿಲ್ಲಿಸಿದರೆ ಎಡೆಬಿಡದ ಸೆಳವು ಬಂದು ಪ್ರಾಣಕ್ಕೇ ಕುತ್ತಾಗಬಹುದು.

ತಪ್ಪು ಮಾಡಿಲ್ಲ. ಮಿದುಳಿನಲ್ಲಿ ಕಿವಿಯ ಬಳಿಯ ಭಾಗದಿಂದ (ಟೆಂಪೊರಲ್ ಲೋಬ್) ಹುಟ್ಟುವ, ಮಾತ್ರೆಗೆ ಬಗ್ಗದ ಮೂರ್ಛೆಯ ಬಗ್ಗೆ ಕೆನಡಾದಲ್ಲಿ 80 ಮಂದಿಯ ಮೇಲೆ ನಡೆದ ಅಧ್ಯಯನವೊಂದು 2001ರಲ್ಲಿ ಪ್ರಕಟವಾಯಿತು. ವರ್ಷದ ಕೊನೆಗೆ, ಎಚ್ಚರ ತಪ್ಪಿಸುವ ಸೆಳವು ನಿಂತದ್ದು ಶಸ್ತ್ರಚಿಕಿತ್ಸೆಯ ಗುಂಪಿನಲ್ಲಿ ಶೇ 58 ಮಂದಿಗೆ, ಮಾತ್ರೆಯಷ್ಟೇ ನುಂಗಿದವರಲ್ಲಿ ಶೇ 8 ಮಂದಿಗೆ. ತಿರುವನಂತಪುರದ ಶ್ರೀಚಿತ್ರಾ ಸಂಸ್ಥೆ ಈ ಚಿಕಿತ್ಸೆಗಾಗಿಯೇ 1995ರಲ್ಲಿ ವಿಶೇಷ ಕಾರ್ಯಕ್ರಮ ಆರಂಭಿಸಿತು. ನಮ್ಮ ನಿಮ್ಹಾನ್ಸ್‌ನಲ್ಲೂ ಇದು ನಡೆಯುತ್ತದೆ. ನೀವೇನೂ ಕುರುಡು ಸಾಹಸಕ್ಕೆ ಇಳಿದವರಲ್ಲ.

ಇನ್ನು ಆ ಸೌಟು. ಹೆಚ್ಚಿನವರಲ್ಲಿ ಮಾತಿನ ಕಾರುಬಾರು ಮಿದುಳಿನ ಎಡಭಾಗದ್ದು. ಅಲ್ಲಿ ಕತ್ತರಿ ಆಡಿದಾಗ ಹೆಸರುಗಳು ಕೈಕೊಡುವುದುಂಟು. ಸೌಟು ಏನೆಂದು ಅವನಿಗೆ ಗೊತ್ತು, ಸಾರು ಬಡಿಸುವುದೂ ಗೊತ್ತು, ಹೆಸರು ಮಾತ್ರ ನಾಲಿಗೆಯ ತುದಿಯಲ್ಲಿ ಸಿಕ್ಕಿಕೊಂಡಿದೆ. ತಿಂಗಳುಗಳು ಕಳೆದಂತೆ ಬಹಳ ಮಂದಿಗೆ ಸುಧಾರಿಸುತ್ತದೆ, ಕೆಲವರಿಗೆ ಸ್ವಲ್ಪ ಉಳಿದೇ ಬಿಡುತ್ತದೆ. ಅವನು ತಡವರಿಸಿದ ಕೂಡಲೇ ಮನೆಮಂದಿಯೆಲ್ಲ “ಸೌಟು, ಸೌಟು” ಎಂದು ಮುಗಿಬೀಳಬೇಡಿ. ಸಾರು ಅಷ್ಟರಲ್ಲಿ ಆರಿಹೋಗುವುದಿಲ್ಲ.

ನನಗೆ ಹೆಚ್ಚು ಯೋಚನೆ ಹತ್ತಿಸಿದ್ದು ಮಂಕು. ಫಿಟ್ಸ್ ಪೂರ್ತಿ ನಿಂತವರಲ್ಲೂ ಮೊದಲ ಕೆಲವು ತಿಂಗಳಲ್ಲಿ ಖಿನ್ನತೆ ಕಾಣಿಸಿಕೊಳ್ಳುವುದುಂಟು. ಇದನ್ನು ಕೊಬ್ಬು ಎನ್ನಬೇಡಿ, ವೈದ್ಯರಿಗೆ ಹೇಳಿ. ಬದುಕು ಬೇಡವೆಂಬ ಮಾತು ಬಂದರೆ ಅಂದೇ ಕರೆದುಕೊಂಡು ಹೋಗಿ. ಸರ್ಕಾರದ ಟೆಲಿಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿಯೂ ಇರುತ್ತದೆ.

ರೋಗ ನಿಂತ ಮೇಲೆ ಥಟ್ಟನೆ ಎಲ್ಲರಂತೆ ಬದುಕಬೇಕಾಗಿ ಬರುವ ಕಷ್ಟವನ್ನು ಇಂಥ ರೋಗಿಗಳಲ್ಲಿ ಕಂಡ ಆಸ್ಟ್ರೇಲಿಯಾದ ಮನೋವಿಜ್ಞಾನಿಗಳು ಅದಕ್ಕೆ ‘ಸಹಜತೆಯ ಹೊರೆ’ ಎಂದು ಹೆಸರಿಟ್ಟರು. ನಿಮ್ಮ ಮಗನನ್ನು ಇಷ್ಟು ವರ್ಷ ಯಾರೂ ಕೆಲಸದ ಬಗ್ಗೆ ಕೇಳಲಿಲ್ಲ, ಮದುವೆಯ ಸುದ್ದಿ ಎತ್ತಲಿಲ್ಲ. ಈಗ ಅದೇ ನೆಂಟರು ಬಾಗಿಲಲ್ಲೇ ನಿಂತು ಎರಡನ್ನೂ ಕೇಳುತ್ತಾರೆ. ಒಳಗೆ ನೀವು ಮಾತ್ರ ಅವನು ಸ್ನಾನಕ್ಕೆ ಹೋದರೆ ಈಗಲೂ ಹೊರಗೆ ಕಿವಿಗೊಟ್ಟು ನಿಂತಿರುತ್ತೀರಿ; ನಿಮ್ಮ ಪತ್ರ ಓದಿದರೆ ಹಾಗೆಯೇ ಅನಿಸುತ್ತದೆ. ರೋಗ ಅವನಿಂದ ದೂರ ಸರಿದಷ್ಟು ವೇಗವಾಗಿ ಮನೆಯಿಂದ ಸರಿದಿಲ್ಲ. ಅದು ನಿಮ್ಮ ತಪ್ಪಲ್ಲ. ಹನ್ನೊಂದು ವರ್ಷದ ಕಾವಲು.

ಚಿಲಕವನ್ನು ಈಗಲೇ ಹಾಕಿಸಬೇಡಿ. ಆದರೆ ಕಿತ್ತದ್ದು ಎಲ್ಲಿದೆ, ಹುಡುಕಿ ಅವನ ಕೈಗೆ ಕೊಡಿ. ಮುಂದಿನ ತಪಾಸಣೆಗೆ ಹೋದಾಗ ಅದನ್ನು ಯಾವಾಗ ಹಾಕಬಹುದೆಂದು ಅವನೇ ವೈದ್ಯರನ್ನು ಕೇಳಲಿ. ಅಷ್ಟು ಹೊತ್ತು ನೀವು ಹೊರಗಿನ ಬೆಂಚಿನ ಮೇಲೆ ಕುಳಿತಿರಿ.