ವರ್ಷದ ಹಣ ಒಟ್ಟಿಗೆ ಕಟ್ಟಬೇಡಿ

ಹತ್ತು ತಿಂಗಳ ಹಣ ಒಟ್ಟಿಗೆ ಕಟ್ಟಿದರೆ ಎರಡು ತಿಂಗಳು ಇಂಟರ್ನೆಟ್ ಉಚಿತವಂತೆ, ಲಾಭವೇ ಎಂದು ಕೇಳಿದ್ದೀರಿ. 2021ರ ಮೇ ತಿಂಗಳಲ್ಲಿ ನಾನೂ ಇದೇ ಲೆಕ್ಕ ಹಾಕುತ್ತ ಕೂತಿದ್ದೆ.

ಬೆಂಗಳೂರಿನ ಕಚೇರಿ ಮುಚ್ಚಿ, ಸಾಗರದ ಹತ್ತಿರದ ನಮ್ಮ ಮನೆಯಿಂದಲೇ ಕೆಲಸ ಮಾಡುತ್ತಿದ್ದೆ. ಊರಿಗೆ ಫೈಬರ್, ಅಂದರೆ ಗಾಜಿನ ಎಳೆಯ ಇಂಟರ್ನೆಟ್ ಕೇಬಲ್, ಎಳೆದವರು ಒಬ್ಬರೇ. ತಿಂಗಳಿಗೆ 600 ರೂಪಾಯಿ, ವರ್ಷದ್ದಾದರೆ 6,000. ತಿಂಗಳಿಗೆ 500 ಬಿತ್ತು ಎಂದುಕೊಂಡೆ. ಬಿಲ್ಲು ಬಂದಿದ್ದು 7,080. ಶೇ 18ರ ಜಿಎಸ್‌ಟಿ ಕರಪತ್ರದ ದರದಲ್ಲಿ ಸೇರಿರಲಿಲ್ಲ. ತೆರಿಗೆ ಎಲ್ಲರಿಗೂ ಇದ್ದದ್ದೇ ಎಂದು ಕಟ್ಟಿಬಿಟ್ಟೆ.

ಜೂನ್‌ನಲ್ಲಿ ಮಳೆ ಹಿಡಿಯಿತು. ಕರೆಂಟ್ ಕಂಬದ ಮೇಲೆ ಮರ ಬಿದ್ದು ಫೈಬರ್ ತುಂಡಾಯಿತು. ಹೊಸೆದು ಟೇಪು ಸುತ್ತಲು ಅದು ತಾಮ್ರದ ತಂತಿಯಲ್ಲ, ಬೆಸೆಯುವ ಯಂತ್ರವೇ ಬರಬೇಕು. ಯಂತ್ರ ನಾಳೆ ಬರುತ್ತದೆ ಎನ್ನುತ್ತ ಹನ್ನೆರಡು ದಿನ ದೂಡಿದರು. ಆಮೇಲೆ ಮತ್ತೆ ತುಂಡು, ಮತ್ತೆ ನಾಳೆ.

ತೆರಿಗೆ ಗಮನಿಸದೆ ಹೋದದ್ದು ಸಣ್ಣ ವಿಷಯ. ನಾನು ಕೆಟ್ಟದ್ದು ಹನ್ನೆರಡು ತಿಂಗಳ ಹಣವನ್ನು ಮೊದಲೇ ಅವರ ಕೈಗಿಟ್ಟು. ಗ್ರಾಹಕನ ಕೈಯಲ್ಲಿರುವ ಹಗ್ಗ ಒಂದೇ, ಮುಂದಿನ ತಿಂಗಳ ಹಣ. ಅದನ್ನು ಬಿಟ್ಟುಕೊಟ್ಟ ಮೇಲೆ ನಮ್ಮ ಮನೆಗೆ ಬರಲು ಅವರಿಗೆ ಅವಸರವೇನು? ತಿಂಗಳು ತಿಂಗಳು ಕಟ್ಟುತ್ತಿದ್ದ ಕೆಳಗಿನ ಕೇರಿಯ ಮನೆಯವರು ‘ಸರಿಯಾಗುವವರೆಗೆ ಕಟ್ಟುವುದಿಲ್ಲ’ ಎಂದರು. ಅವರ ಲೈನು ಮೂರೇ ದಿನದಲ್ಲಿ ಸರಿಯಾಯಿತು. ನಾನು ಹಣ ಮರಳಿ ಕೇಳಿದರೆ, ವಾರ್ಷಿಕ ಯೋಜನೆಗೆ ಮರುಪಾವತಿ ಇಲ್ಲವೆಂದು ರಸೀದಿಯ ಹಿಂಬದಿ ತೋರಿಸಿದರು.

ವರ್ಷದಲ್ಲಿ ಎಲ್ಲ ಸೇರಿ ನಾಲ್ಕು ತಿಂಗಳು ಸಂಪರ್ಕವಿರಲಿಲ್ಲ. 7,080ನ್ನು ಎಂಟರಿಂದ ಭಾಗಿಸಿ: ತಿಂಗಳಿಗೆ 885. ತಿಂಗಳ ಯೋಜನೆ ತೆರಿಗೆ ಸೇರಿ 708 ಇತ್ತು. ನಡುವೆ ಮೊಬೈಲ್ ಡೇಟಾಕ್ಕೆ ಸುರಿದದ್ದು ಬೇರೆ. ಇದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಆದ್ದರಿಂದ ಯಾವ ಯೋಜನೆ ಅಗ್ಗ ಎಂಬ ನಿಮ್ಮ ಪ್ರಶ್ನೆಯೇ ನನಗೆ ಒಪ್ಪಿಗೆಯಿಲ್ಲ. ಹೋದ ಮಳೆಗಾಲದಲ್ಲಿ ಎಷ್ಟು ದಿನ ಲೈನು ಹೋಗಿತ್ತೆಂದು ಪಕ್ಕದ ಮನೆಯವರನ್ನು ಕೇಳಿ. ‘ಅನಿಯಮಿತ’ ಎಂದಿದ್ದರೆ ಎಷ್ಟು ಜಿಬಿ ದಾಟಿದ ಮೇಲೆ ವೇಗ ಇಳಿಸುತ್ತಾರೆಂದು ಬರವಣಿಗೆಯಲ್ಲಿ ಪಡೆಯಿರಿ. ಲೈನು ಹೋದಾಗ ಲೈನ್‌ಮನ್‌ಗೆ ಫೋನು ಮಾಡಿ ಸುಮ್ಮನಾಗದೆ ಕಂಪನಿಯಿಂದ ದೂರು ಸಂಖ್ಯೆ ತೆಗೆದುಕೊಳ್ಳಿ. ಅದಿದ್ದರೆ ದೂರಸಂಪರ್ಕ ನಿಯಂತ್ರಣ ಸಂಸ್ಥೆಯಾದ ಟ್ರಾಯ್‌ನ ನಿಯಮದಂತೆ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಶುಲ್ಕವಿಲ್ಲದೆ ಹೋಗಬಹುದು. ಆ ಎರಡು ಉಚಿತ ತಿಂಗಳನ್ನು ಅವರಿಗೇ ಬಿಟ್ಟು, ತಿಂಗಳು ತಿಂಗಳು ಕಟ್ಟಿ.